ತೊಂಬತ್ತಕ್ಕೆ ಒಗೆದ ಜೆರ್ಸಿ

ನನ್ನ ಕೈಗೆ ಬಂದ ಬಟ್ಟೆ ಇವತ್ತಿನವರೆಗೆ ಹಾಳಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಏನು ಬೇಕಾದರೂ ಅಂದುಕೊಳ್ಳಿ. ಹನ್ನೊಂದು ವರ್ಷದಿಂದ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದೇನೆ. ನೆಲಮಾಳಿಗೆ. ಕಿಟಕಿ ಇಲ್ಲ. ಆಳೆತ್ತರದ ನಾಲ್ಕು ಮೆಷಿನ್‌ಗಳು. ಮೇಲಿನ ವಾರ್ಡುಗಳಿಂದ ರಕ್ತ, ಕೀವು, ವಾಂತಿ ಎಲ್ಲ ಮೂಟೆ ಕಟ್ಟಿಕೊಂಡು ಕೆಳಗಿಳಿಯುತ್ತದೆ. ಬೆಳ್ಳಗಾಗಿ, ಮಡಿಕೆಯಾಗಿ ಮೇಲಕ್ಕೆ ಹೋಗುತ್ತದೆ. ಡಾಕ್ಟರಿಗೆ ಜನ ಕೈ ಮುಗಿಯುತ್ತಾರೆ. ನಮ್ಮನ್ನು ಲಿಫ್ಟಿಗೇ ಹತ್ತಿಸುವುದಿಲ್ಲ, ವಾಸನೆ ಬರುತ್ತದಂತೆ.

ಅಲ್ಲಿ ನಾವು ಒಂದೇ ಮನೆಯವರು ಮೂವರು. ನಮ್ಮತ್ತೆ ಪಾಳಿಯ ಮೇಸ್ತ್ರಿ. ನಾನು. ನನ್ನ ನಾದಿನಿ. ನನ್ನ ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿರುವುದಿಲ್ಲ. ಹಾಗಾಗಿ ನನ್ನ ಸಂಸಾರವೆಲ್ಲ ನಾದಿನಿಯ ಜೊತೆಗೇ ಅನ್ನಿ. ದಿನಕ್ಕೆ ಹತ್ತು ಸಲ ಜಗಳ, ಹನ್ನೊಂದು ಸಲ ರಾಜಿ.

ಈ ರಗ್ಬಿ ನಮಗೆ ಅಂಟಿದ್ದೂ ಆ ನೆಲಮಾಳಿಗೆಯಲ್ಲೇ. ಮೆಷಿನ್ನಿಂದ ಒದ್ದೆ ಬಟ್ಟೆ ಎಳೆದು, ಉಂಡೆ ಕಟ್ಟಿ, ತಿರುಗಿ ನೋಡದೆ ಹಿಂದಕ್ಕೆ ಎಸೆಯುವುದು ನಮ್ಮ ಪದ್ಧತಿ. ತಿರುಗಿ ನೋಡುತ್ತ ನಿಂತರೆ ಪಾಳಿ ಮುಗಿಯುವುದಿಲ್ಲ. ಹಿಂದೆ ನಿಂತವಳು ಹಿಡಿಯಲೇಬೇಕು, ಬಿಟ್ಟರೆ ಅತ್ತೆಯ ಬಾಯಿಗೆ ಸಿಕ್ಕ ಹಾಗೆಯೇ. ಆರು ವರ್ಷದ ಹಿಂದೆ ಒಬ್ಬರು ವ್ಯಾಯಾಮ ಟೀಚರ್ ಕೈ ಮುರಿದುಕೊಂಡು ಆಸ್ಪತ್ರೆಗೆ ಬಂದವರು ದಾರಿ ತಪ್ಪಿ ನಮ್ಮಲ್ಲಿಗೆ ಇಳಿದರು. ಬಾಗಿಲಲ್ಲಿ ನಿಂತು ಅರ್ಧ ಗಂಟೆ ನೋಡಿದರು. ಕೈ ನೋವೂ ಮರೆತಂತಿತ್ತು.

“ನಿಮಗೆ ಇದನ್ನ ಕಲಿಸಿದ್ಯಾರು?” ಅಂದರು.

“ಹೊಟ್ಟೆ,” ಅಂದಳು ನಾದಿನಿ.

ಆ ಟೀಚರೇ ನಮಗೆ ರಗ್ಬಿ ಕಲಿಸಿದರು, ಮುಂದೆ ತಂಡದ ಕೋಚ್ ಆದವರೂ ಅವರೇ. ಆಟ ಬಲು ಸರಳ. ಏಳು ಜನ ಇತ್ತ, ಏಳು ಜನ ಅತ್ತ. ಏಳು ನಿಮಿಷ, ಮತ್ತೆ ಏಳು ನಿಮಿಷ. ಮೊಟ್ಟೆಯ ಆಕಾರದ ಚೆಂಡು. ಓಡುವುದು ಮುಂದಕ್ಕೆ, ಕೈಯಿಂದ ಎಸೆಯುವುದು ಮಾತ್ರ ಹಿಂದಕ್ಕೇ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಐದು ಅಂಕ, ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೆರಡು. ಚೆಂಡು ಹಿಡಿದವಳನ್ನು ಅಪ್ಪಿ ಕೆಡವಬಹುದು. ಕೆಡವುವುದು ನನ್ನ ಕೆಲಸ. ಅದಕ್ಕೇ ತಂಡದಲ್ಲಿ ನನ್ನ ಹೆಸರು ‘ಬಾಗಿಲು’. ನಾದಿನಿಯದು ಓಡುವ ಕೆಲಸ. ಅವಳನ್ನು ‘ಗಾಳಿ’ ಅನ್ನುತ್ತಾರೆ. ಮನೆಯಲ್ಲಿ ಪಾತ್ರೆ ತೊಳೆಯುವ ಹೊತ್ತಿಗೂ ಗಾಳಿಯೇ, ಕೈಗೆ ಸಿಗುವುದಿಲ್ಲ.

ಆರು ವರ್ಷ ಪಾಳಿ ಮುಗಿಸಿ ಆಡಿದೆವು. ಸೊಂಟ ಬಿದ್ದುಹೋಗುತ್ತಿತ್ತು. ಆದರೂ ಆಡಿದೆವು. ಕೊನೆಗೆ ದೇಶದ ತಂಡದ ಹನ್ನೆರಡು ಜನರ ಪಟ್ಟಿಯಲ್ಲಿ ಇಬ್ಬರ ಹೆಸರೂ ಬಂತು. ಎಷ್ಟೋ ದೇಶಗಳು ಸೇರುವ ಆ ದೊಡ್ಡ ಕೂಟಕ್ಕೆ ನಮ್ಮ ದೇಶದಿಂದ ಹೆಂಗಸರ ತಂಡ ಹೋಗಿದ್ದೇ ಅದು ಮೊದಲು. ನೆಲಮಾಳಿಗೆಯ ಹೆಂಗಸರೆಲ್ಲ ಸೇರಿ ನಮ್ಮನ್ನು ಮುಖ್ಯ ಬಾಗಿಲಿನಿಂದ ಕಳಿಸಿಕೊಟ್ಟರು. ಕಾವಲುಗಾರ ತಡೆಯಲು ಬಂದ. ಅತ್ತೆ ಅವನ ಕಡೆ ಒಂದು ನೋಟ ಬಿಟ್ಟರು, ಅವನು ಬೀಡಿ ಹುಡುಕುತ್ತ ಆಚೆ ಹೋದ.

ಇನ್ನು ಹೊಟ್ಟೆ ಉರಿಯುವ ಮಾತಿಗೆ ಬರುತ್ತೇನೆ.

ಗಂಡಸರ ತಂಡಕ್ಕೆ ಮೂರು ಜೊತೆ ಜೆರ್ಸಿ. ನಮಗೆ ಒಂದು. ಗಂಡಸರಿಗೆ ಬಟ್ಟೆ ನೋಡಿಕೊಳ್ಳಲು ಒಬ್ಬ, ಮೈಕೈ ತಿಕ್ಕಲು ಒಬ್ಬ. ನಮಗೂ ಬಟ್ಟೆ ನೋಡಿಕೊಳ್ಳುವವರ ಒಂದು ಜಾಗ ಇತ್ತು. ಆ ಜಾಗದಲ್ಲಿ ರಗ್ಬಿ ಸಂಘದ ಅಧ್ಯಕ್ಷರ ಸೊಸೆ ಬಂದಿದ್ದಳು. ಕೊರಳಿಗೆ ‘ಉಡುಪು ವ್ಯವಸ್ಥಾಪಕಿ’ ಅಂತ ಬಿಲ್ಲೆ. ನಮ್ಮ ಕಾಲುಚೀಲ ಯಾವ ಬಣ್ಣದ್ದು ಅಂತ ಆಕೆಗೆ ಗೊತ್ತಿರಲಿಲ್ಲ. ಬಂದ ದಿನದಿಂದ ಅಂಗಡಿ ಬೀದಿ ಅಳೆಯುತ್ತಿದ್ದಳು.

ಜೆರ್ಸಿಯ ಎದೆಯ ಮೇಲೆ ಒಂದು ಜಾಹೀರಾತು ಇತ್ತು. ಬೆಳ್ಳಗಾಗುವ ಕ್ರೀಮಿನ ಕಂಪನಿಯದು. ಒಂದು ಹೆಣ್ಣಿನ ಮುಖ. ಅರ್ಧ ಕಪ್ಪು, ಅರ್ಧ ಬಿಳುಪು. ಹಚ್ಚುವ ಮುಂಚೆ, ಹಚ್ಚಿದ ಮೇಲೆ. ಆ ಮುಖ ನಮ್ಮ ತಂಡದ ಒಬ್ಬ ಕಾಲೇಜು ಹುಡುಗಿಯದೇ. ತಂಡದಲ್ಲಿ ಅವಳೊಬ್ಬಳೇ ಕಂಪನಿಯವರ ಲೆಕ್ಕಕ್ಕೆ ಬಿಳಿ. ಹೊರಡುವ ಮುಂಚೆ ಫೋಟೋ ತೆಗೆಯುವ ದಿನ ಅವಳನ್ನು ಮುಂದೆ ನಿಲ್ಲಿಸಿ, ನನ್ನನ್ನೂ ನಾದಿನಿಯನ್ನೂ, ತರಕಾರಿ ಮಂಡಿಯಲ್ಲಿ ಮೂಟೆ ಹೊರುವ ಇನ್ನೊಬ್ಬಳನ್ನೂ ಹಿಂದಕ್ಕೆ ಸರಿಸಿದರು.

“ನೀವು ಹಿಂದೆ ನಿಂತ್ಕೊಳ್ರಮ್ಮಾ, ಬೆಳಕು ಸಾಲ್ತಿಲ್ಲ,” ಅಂದ ಫೋಟೋದವನು.

“ಸಾಲದೆ ಇದ್ರೆ ಒಂದು ಬಲ್ಬ್ ಹಾಕ್ಸಪ್ಪಾ,” ಅಂದಳು ನಾದಿನಿ. ಎಲ್ಲರೂ ನಕ್ಕರು. ಕಾಲೇಜು ಹುಡುಗಿ ನಗಲಿಲ್ಲ, ಬೂಟು ನೋಡುತ್ತ ನಿಂತಳು. ಎಂಥ ಜಂಬ ಇವಳಿಗೆ ಅಂದುಕೊಂಡೆ ನಾನು. ಆಮೇಲೆ ಅವಳ ಜೊತೆ ಮಾತು ಕಮ್ಮಿ ಮಾಡಿದೆ.

ಮೊದಲ ದಿನ ಬೆಳಿಗ್ಗೆ ಒಂದು ಆಟ, ಸಂಜೆ ಇನ್ನೊಂದು. ಬೆಳಗಿನದನ್ನು ಗೆದ್ದೆವು! ಸಂಜೆಯದನ್ನೂ ಗೆದ್ದರೆ ಮೊದಲ ಎಂಟು ತಂಡಗಳಲ್ಲಿ ನಾವೂ ಒಬ್ಬರು. ಗಂಡಸರ ತಂಡ ಹಿಂದಿನ ದಿನವೇ ಸೋತು ಗಂಟುಮೂಟೆ ಕಟ್ಟಿತ್ತು, ಆ ಮಾತು ಬೇಡ ಬಿಡಿ. ಬೆಳಗಿನ ಆಟದಲ್ಲಿ ಒಬ್ಬಳ ಮೊಣಕೈ ನನ್ನ ಮೂಗಿಗೆ ಬಡಿದು ರಕ್ತ ಸುರಿಯಿತು. ನನ್ನ ಜೆರ್ಸಿಗಲ್ಲದೆ, ಗೆದ್ದ ಖುಷಿಗೆ ನನ್ನನ್ನು ಅಪ್ಪಿಕೊಂಡ ನಮ್ಮವರ ಜೆರ್ಸಿಗೂ ಮೆತ್ತಿತು. ಮಿಕ್ಕವರದು ಕೆಸರು. ರಕ್ತದ ಜೆರ್ಸಿ ಹಾಕಿಕೊಂಡು ಸಂಜೆ ಇಳಿಯುವ ಹಾಗಿಲ್ಲ ಅಂತ ರೆಫರಿಯಮ್ಮ ಹೇಳಿದಳು. ಇರುವುದು ಒಂದೇ ಜೊತೆ. ಒಗೆಯಬೇಕಾದವಳು ಅಂಗಡಿ ಬೀದಿಯಲ್ಲಿ.

“ನಾನೇ ಹೋಗ್ತೀನಿ ಟೀಚರ್,” ಅಂದೆ. ಊಟ ಬಿಟ್ಟೆ. ನಾದಿನಿಯೂ ಗೊಣಗುತ್ತ ಬಂದಳು.

ಆಟಗಾರರು ಇಳಿದುಕೊಂಡಿದ್ದ ಕಟ್ಟಡದ ಕೆಳಗೆ ಒಗೆಯುವ ಕೋಣೆ. ಹೊಳೆಯುವ ಪುಟ್ಟ ಮೆಷಿನ್‌ಗಳ ಸಾಲು. ನಮ್ಮಲ್ಲಿಗೆ ಹೋಲಿಸಿದರೆ ಆಟದ ಸಾಮಾನು. ಯೋಚಿಸಲೇ ಇಲ್ಲ ನಾನು, ಕೈ ತಾನಾಗಿ ಓಡಿತು. ರಕ್ತ ಕಂಡರೆ ಮೊದಲು ತಣ್ಣೀರು, ಉಜ್ಜಬೇಕು, ಹಿಂಡಬೇಕು, ಆಮೇಲೆ ತೊಂಬತ್ತು ಡಿಗ್ರಿ. ಆಸ್ಪತ್ರೆಯಲ್ಲಿ ಅದಕ್ಕಿಂತ ಕಮ್ಮಿ ಇಟ್ಟರೆ ರೋಗ ಸಾಯುವುದಿಲ್ಲ. ಹನ್ನೊಂದು ವರ್ಷ ಹೀಗೇ ಮಾಡಿದ್ದೇನೆ. ಹನ್ನೆರಡು ಜೆರ್ಸಿ ಹಾಕಿ, ತೊಂಬತ್ತಕ್ಕೆ ತಿರುಗಿಸಿ, ನೆಲದ ಮೇಲೆ ಕಾಲು ಚಾಚಿ ಕೂತೆ.

ಮೆಷಿನ್ ನಿಂತಿತು. ನಾದಿನಿ ಮೊದಲ ಜೆರ್ಸಿ ಎಳೆದಳು. ಬಿಡಿಸಿದಳು.

“ಅತ್ತಿಗೆ… ಇಲ್ನೋಡಿ.”

ರಕ್ತ ಹೋಗಿತ್ತು. ಕೆಸರು ಹೋಗಿತ್ತು. ಎದೆಯ ಮೇಲಿನ ಮುಖದಲ್ಲಿ ಬಿಳಿ ಅರ್ಧವೂ ಹೋಗಿತ್ತು. ಮೇಲೆ ಅಂಟಿಸಿದ ಪದರವಂತೆ ಅದು, ಬಿಸಿಗೆ ಕರಗಿ ಎದ್ದುಬಂದಿತ್ತು. ಕಪ್ಪು ಅರ್ಧ ಬಟ್ಟೆಯೊಳಗೇ ಇಳಿದ ಬಣ್ಣ. ಅದಕ್ಕೆ ಏನೂ ಆಗಿರಲಿಲ್ಲ. ಒಂದಲ್ಲ, ಹನ್ನೆರಡಕ್ಕೆ ಹನ್ನೆರಡೂ ಹಾಗೇ. ಮೇಲಾಗಿ ಬಟ್ಟೆ ಒಂದು ಅಳತೆ ಕುಗ್ಗಿತ್ತು.

ನಾನು ಹನ್ನೆರಡನ್ನೂ ಮತ್ತೆ ತಿರುವಿ ತಿರುವಿ ನೋಡಿದೆ. ಅವಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕುಸಿದಳು.

“ಅಯ್ಯೋ ಅತ್ತಿಗೆ! ಇಷ್ಟು ದಿನ ಕಪ್ಪು ಹೋಗ್ಸೋಕೆ ಒದ್ದಾಡ್ತಿದ್ರು. ನೀವು ಬಿಳೀನೇ ಹೋಗ್ಸಿಬಿಟ್ರಲ್ಲ!”

“ನಗಬೇಡ್ವೇ. ಇವತ್ತು ನನ್ನ ಕಥೆ ಮುಗೀತು,” ಅಂದೆ. ಅಂದವಳಿಗೆ ನನಗೂ ನಗು ಬಂತು. ಭಯಕ್ಕೆ ಬಂದ ನಗು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.

ಆಟಕ್ಕೆ ಒಂದೂವರೆ ಗಂಟೆ ಇದ್ದಾಗ ಬಟ್ಟೆ ಬದಲಾಯಿಸುವ ಕೋಣೆಗೆ ಅಧ್ಯಕ್ಷರು ಬಂದರು. ಬಾಗಿಲು ತಟ್ಟಲಿಲ್ಲ. ಮೂಟೆ ಹೊರುವವಳು ಪಕ್ಕನೆ ಟವೆಲ್ ಎಳೆದುಕೊಂಡಳು. ಅವರ ಹಿಂದೆ ಕ್ರೀಮ್ ಕಂಪನಿಯವನು, ಅವನ ಹಿಂದೆ ಸೊಸೆ, ಅವಳ ಕೈಯಲ್ಲಿ ಒಂದು ಬಟ್ಟೆ ಗಂಟು. ಅಧ್ಯಕ್ಷರು ಒಂದು ಜೆರ್ಸಿ ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಇದನ್ನ ಒಗೆದಿದ್ದು ಯಾರು?”

“ನಾನು ಸಾರ್.”

“ಓ, ನೀನಾ. ಆಸ್ಪತ್ರೆಯವಳು. ವಿದ್ಯೆ ಇಲ್ಲದವರನ್ನ ಕರ್ಕೊಂಬಂದ್ರೆ ಹೀಗೇ ಆಗೋದು.” ಟೀಚರ್ ಕಡೆ ತಿರುಗಿದರು. “ನಾನು ಆವತ್ತೇ ಹೇಳಿರ್ಲಿಲ್ವಾ?”

ಅಧ್ಯಕ್ಷರ ಮುಂದೆ ಟೀಚರ್‌ಗೆ ಬಾಯಿ ಬರುವುದಿಲ್ಲ. ಸಂಜೆಯ ಆಟದ ಪಟ್ಟಿ ಕೈಯಲ್ಲಿ ಹಿಡಿದು, ಅದನ್ನೇ ನೋಡುತ್ತಿದ್ದರು.

ಕಂಪನಿಯವನು ಮೆತ್ತಗಿನ ಮನುಷ್ಯ. ಅಂಥವರನ್ನು ಕಂಡರೆ ನನಗೆ ಇನ್ನೂ ಭಯ. ಜೇಬಿನಿಂದ ಒಂದು ಕ್ರೀಮ್ ಡಬ್ಬಿ ತೆಗೆದು ನನ್ನ ಕೈಗಿಟ್ಟ. ಫೋನ್ ಎತ್ತಿ ಹಿಡಿದ.

“ಏನಿಲ್ಲಮ್ಮಾ, ಎರಡೇ ನಿಮಿಷ. ನನಗೆ ಓದು ಬರಹ ಇಲ್ಲ, ಮೆಷಿನ್ ಗೊತ್ತಾಗ್ಲಿಲ್ಲ, ತಪ್ಪಾಯ್ತು ಅನ್ನಿ. ಆಮೇಲೆ ಈ ಕ್ರೀಮ್ ಒಂಚೂರು ಕೆನ್ನೆಗೆ ಹಚ್ಕೊಂಡು ನಕ್ಬಿಡಿ. ಜನಕ್ಕೆ ತುಂಬ ಇಷ್ಟ ಆಗತ್ತೆ.”

“ಅವಳು ಅಷ್ಟು ಮಾಡಿದ್ರೆ ಪಟ್ಟಿಯಲ್ಲಿರ್ತಾಳೆ,” ಅಂದರು ಅಧ್ಯಕ್ಷರು. “ಇಲ್ಲಾಂದ್ರೆ ಇಲ್ಲ. ಎಲ್ಲರೂ ಗಂಡಸರ ಜೆರ್ಸಿ ಹಾಕ್ಕೊಳ್ಳಿ. ಅದ್ರಲ್ಲಿ ಜಾಹೀರಾತು ಸರಿಯಾಗಿದೆ.”

ಸೊಸೆ ಗಂಟು ನೆಲಕ್ಕೆ ಇಳಿಸಿದಳು. ಗಂಡಸರ ಜೆರ್ಸಿ ನಮಗೆ ಮೊಣಕಾಲಿನವರೆಗೆ ಬರುತ್ತದೆ. ರಗ್ಬಿಯಲ್ಲಿ ಜೋಲುವ ಬಟ್ಟೆ ಹಾಕಿಕೊಳ್ಳುವುದೂ, ಎದುರಾಳಿಯ ಕೈಗೆ ಜುಟ್ಟು ಕೊಡುವುದೂ ಒಂದೇ.

ಸುಳ್ಳು ಹೇಳುವುದಿಲ್ಲ, ಡಬ್ಬಿಯ ಮುಚ್ಚಳ ತೆಗೆದೆ. ಆರು ವರ್ಷ ಕಾದ ಆಟ ಅದು. ನನಗೆ ಇಪ್ಪತ್ತೊಂಬತ್ತು, ಮುಂದಿನ ಕೂಟದ ಹೊತ್ತಿಗೆ ಮೊಣಕಾಲು ಇರುತ್ತದೋ ಇಲ್ಲವೋ. ಎರಡು ನಿಮಿಷದ ಅವಮಾನ, ಹದಿನಾಲ್ಕು ನಿಮಿಷದ ಆಟ. ನುಂಗಿಬಿಡೋಣ ಅನ್ನಿಸಿತು. ಇದಕ್ಕಿಂತ ದೊಡ್ಡದನ್ನು ನುಂಗಿದ್ದೇನೆ. ಬೆರಳು ಕ್ರೀಮಿಗೆ ಇಳಿಯಿತು, ತಣ್ಣಗಿತ್ತು. ಕೆನ್ನೆಯ ಹತ್ತಿರ ಹೋಯಿತು. ಫೋನಿನ ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಮೂಗು ಊದಿತ್ತು. ಬೆಳಿಗ್ಗೆ ಆರಡಿ ಹೆಂಗಸರನ್ನು ಕೆಡವಿದ ಮುಖ. ನನಗೆ ಆ ಮುಖ ಇಷ್ಟವಾಯಿತು.

“ಹಚ್ಚಲ್ಲ,” ಅಂದೆ.

“ಏನು?”

“ಹಚ್ಚಲ್ಲ ಸಾರ್. ಓದು ಬರಹ ನನಗೆ ಬರತ್ತೆ. ಮೆಷಿನ್ ನಿಮಗಿಂತ ಚೆನ್ನಾಗಿ ಬರತ್ತೆ. ರಕ್ತದ ಬಟ್ಟೆ ಹೇಗೆ ಒಗೀಬೇಕೋ ಹಾಗೇ ಒಗೆದಿದೀನಿ. ನಿಮ್ಮ ಬಣ್ಣ ನಿಲ್ಲಲಿಲ್ಲ ಅಂದ್ರೆ ಬಣ್ಣ ಮಾಡ್ದವರನ್ನ ಕೇಳಿ. ಒಗೆಯೋಕೆ ಅಂತ ಕರ್ಕೊಂಬಂದವರು ಇಲ್ಲೇ ನಿಂತಿದಾರೆ, ಅವರನ್ನ ಕೇಳಿ.”

ಸೊಸೆ ತನ್ನ ಬಿಲ್ಲೆಯನ್ನು ಸೀರೆಯ ಸೆರಗಿನೊಳಗೆ ತಳ್ಳಿದಳು.

“ಬಾಯಿ ಜಾಸ್ತಿ ಆಯ್ತು!” ಅಧ್ಯಕ್ಷರ ಕುತ್ತಿಗೆ ಕೆಂಪಾಯಿತು. “ಏಯ್, ನೀನು ಬಾ. ಅವಳ ನಾದಿನಿ ಅಲ್ವಾ ನೀನು? ನೀನೇ ಹಚ್ಕೋ. ಚಿಕ್ಕ ವಯಸ್ಸು, ನೀನಾದ್ರೂ ಬುದ್ಧಿ ಕಲಿ.”

ನಾದಿನಿ ಎದ್ದಳು. ಇಪ್ಪತ್ನಾಲ್ಕರ ಹುಡುಗಿ. ಆಡುವುದಕ್ಕಾಗಿ ಮದುವೆ ಸಂಬಂಧ ಎರಡು ಬಿಟ್ಟವಳು. ಹಚ್ಚಿಕೊಂಡರೂ ನಾನು ಬೈಯುವುದಿಲ್ಲ ಅಂತ ಆ ಕ್ಷಣವೇ ತೀರ್ಮಾನ ಮಾಡಿದೆ. ಅವಳು ಡಬ್ಬಿ ಇಸಕೊಂಡಳು, ಫೋನಿಗೆ ಹಲ್ಲು ಬಿಟ್ಟು ನಕ್ಕಳು.

“ನಮಸ್ಕಾರ. ನಾವು ದಿನಾ ಎಂಟು ಗಂಟೆ ಬಟ್ಟೆ ಒಗೆಯೋ ಸೋಡಾ ನೀರಲ್ಲಿ ನಿಂತ್ಕೋತೀವಿ. ಅದಕ್ಕೇ ನಮ್ಮತ್ತಿಗೆ ಹಿಮ್ಮಡಿ ಒಡೆದು ಹೋಗಿದೆ. ನೋಡಿ, ಒಂದು ಬೆರಳು ತೂರಿಸಬಹುದು. ಅತ್ತಿಗೆ, ಕಾಲು ಕೊಡಿ.”

ಕೊಟ್ಟೆ. ಡಬ್ಬಿಯಲ್ಲಿದ್ದದ್ದನ್ನೆಲ್ಲ ಬಾಚಿ ನನ್ನ ಎರಡೂ ಹಿಮ್ಮಡಿಗೆ ಮೆತ್ತಿದಳು. ತಿಕ್ಕಿದಳು.

“ಆಹಾ, ಹಿಮ್ಮಡಿಗೆ ಭಾಳ ಚೆನ್ನಾಗಿದೆ. ಎಲ್ಲರೂ ತಗೊಳ್ಳಿ,” ಅಂದಳು.

ಕಂಪನಿಯವನು ಫೋನ್ ಇಳಿಸಿದ. ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಕೂಗಿದರು, ಇಬ್ಬರೂ ಹೊರಗೆ, ಮಿಕ್ಕ ಹತ್ತು ಜನ ಸಾಕು, ಹಾಕ್ಕೊಳ್ಳಿ ಬಟ್ಟೆ ಅಂತ.

ಹತ್ತು ಜನ ಸಾಕಿತ್ತು, ನಿಜ. ಬೇಕಾದದ್ದು ಏಳೇ. ಅವರ ಲೆಕ್ಕ ಸರಿಯಾಗಿತ್ತು. ನಾನು ಚಪ್ಪಲಿ ಹುಡುಕತೊಡಗಿದೆ. ಆಗ ಮೂಲೆಯಿಂದ ಒಂದು ಬೂಟು ಧಪ್ಪೆಂದು ಬಿತ್ತು. ಕಾಲೇಜು ಹುಡುಗಿ ಇನ್ನೊಂದು ಬೂಟಿನ ದಾರ ಬಿಚ್ಚುತ್ತಿದ್ದಳು.

“ನಿನಗೇನಾಯ್ತಮ್ಮಾ?” ಅಧ್ಯಕ್ಷರ ದನಿ ತಟ್ಟನೆ ಮೆತ್ತಗಾಯಿತು.

“ಆ ಮುಖ ನಂದು ಸಾರ್. ಬಿಳೀ ಅರ್ಧಾನೂ ನಂದಲ್ಲ, ಕಪ್ಪು ಅರ್ಧಾನೂ ನಂದಲ್ಲ. ಎರಡಕ್ಕೂ ಅವರೇ ಬಣ್ಣ ಬಳಿದಿದ್ದು. ಆವತ್ತೇ ಬೇಡ ಅನ್ಬೇಕಿತ್ತು. ಪಟ್ಟಿಯಿಂದ ತೆಗೀತಾರೆ ಅಂತ ಹೆದರಿದೆ. ಈಗ ಅನ್ತಿದೀನಿ. ಅವರಿಬ್ಬರು ಇಲ್ದೆ ನಾನು ಆಡಲ್ಲ.”

ಜಂಬ ಅಂದುಕೊಂಡಿದ್ದೆನಲ್ಲ, ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಮೂಟೆ ಹೊರುವವಳು ಬೂಟು ಬಿಚ್ಚಿದಳು. ಆಮೇಲೆ ಇನ್ನೊಬ್ಬಳು. ಧಪ್, ಧಪ್ ಅಂತ ಬೂಟು ಬೀಳುತ್ತ ಹೋದವು. ಒಬ್ಬಳಿಗೆ ಗಂಟು ಬಿಚ್ಚಲಾಗದೆ “ಥತ್, ಇದೊಂದು!” ಅಂತ ಬೈದುಕೊಂಡಳು.

ಟೀಚರ್ ಪೆನ್ನು ತೆಗೆದು ಅಧ್ಯಕ್ಷರ ಎದುರಿಗೆ ಬಂದು ನಿಂತರು.

“ಪಟ್ಟಿ ಒಪ್ಪಿಸೋಕೆ ಇನ್ನು ಹತ್ತು ನಿಮಿಷ ಇದೆ ಸಾರ್. ಹನ್ನೆರಡೂ ಹೆಸರು ಬರೆದು ಕೊಡ್ತೀನಿ. ಬೇಡ ಅಂದ್ರೆ ಖಾಲಿ ಹಾಳೆ ಕೊಡ್ತೀನಿ. ಟೀವಿಯವರು ಕಾರಣ ಕೇಳ್ತಾರೆ. ನಾನು ಹೇಳ್ತೀನಿ.”

ಅಧ್ಯಕ್ಷರು ಟೀಚರನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. “ಊರಿಗೆ ಬನ್ನಿ, ನೋಡ್ಕೋತೀನಿ,” ಅಂದು ಹೊರಟರು. ಸೊಸೆ ಗಂಡಸರ ಬಟ್ಟೆಯ ಗಂಟು ಎತ್ತಿಕೊಂಡು ಹಿಂದೆ ನಡೆದಳು. ಬಂದ ಮೇಲೆ ಆಕೆ ಮುಟ್ಟಿದ್ದು ಅದೊಂದೇ ಗಂಟು ಇರಬೇಕು.

“ಬೂಟ್ ಹಾಕ್ಕೊಳ್ರೇ ಬೇಗ!” ಅಂತ ಕಿರುಚಿದರು ಟೀಚರ್. ಆಮೇಲೆ ಬೆಂಚಿನ ಮೇಲೆ ಕೂತು ಒಂದು ಲೋಟ ನೀರು ಗಟಗಟ ಕುಡಿದರು.

ಬಿಗಿ ಜೆರ್ಸಿ ತೊಟ್ಟುಕೊಂಡು ಇಳಿದೆವು. ಉಸಿರಾಡಲೂ ಕಷ್ಟ. ಎದೆಯ ಮೇಲೆ ಕಪ್ಪು ಅರ್ಧಮುಖ. ಎದುರಿನವರು ಅದನ್ನೇ ನೋಡುತ್ತಿದ್ದರು. ನಮ್ಮ ದೇಶದ ಲಾಂಛನ ಅಂದುಕೊಂಡರೋ ಏನೋ.

ಮೊದಲರ್ಧ ಚೆನ್ನಾಗಿ ಒದೆ ತಿಂದೆವು. ಅವರದು ಹದಿನಾಲ್ಕು, ನಮ್ಮದು ಐದು. ನನ್ನ ಮೂಗು ಮತ್ತೆ ಬಿಚ್ಚಿಕೊಂಡಿತು. ಹತ್ತಿ ತುರುಕಿಕೊಂಡು ಆಡಿದೆ. ಎರಡನೇ ಅರ್ಧದಲ್ಲಿ ಕಾಲೇಜು ಹುಡುಗಿ ಇಬ್ಬರ ಕಾಲಿನ ನಡುವೆ ನುಸುಳಿ ಗೆರೆ ದಾಟಿದಳು, ಒದೆತವೂ ಕಂಬಗಳ ನಡುವೆ ಹೋಯಿತು. ಹನ್ನೆರಡು. ಇನ್ನೂ ಎರಡು ಕಮ್ಮಿ. ಒಂದು ನಿಮಿಷ ಉಳಿದಿತ್ತು. ಚೆಂಡು ಅವರ ಕೈಯಲ್ಲಿ.

ಅವರ ದೈತ್ಯೆಯೊಬ್ಬಳು ನನ್ನ ಕಡೆಗೇ ನುಗ್ಗಿದಳು. ಸೊಂಟಕ್ಕೆ ಭುಜ ಕೊಟ್ಟೆ, ಇಬ್ಬರೂ ಬಿದ್ದೆವು. ಅವಳ ಕೈಯಿಂದ ಚೆಂಡು ಜಾರಿ ನನ್ನ ಹೊಟ್ಟೆಯ ಹತ್ತಿರ ಬಂತು. ತಿರುಗಿ ನೋಡಲಿಲ್ಲ. ಎಳೆದು ಹಿಂದಕ್ಕೆ ಎಸೆದೆ. ಅಲ್ಲಿ ಯಾರಿರುತ್ತಾರೆ ಅಂತ ನನಗೆ ಗೊತ್ತಿತ್ತು.

ನಾದಿನಿ ಹಿಡಿದಳು. ಓಡಿದಳು. ನಮ್ಮ ಗೆರೆಯಿಂದ ಅವರ ಗೆರೆಗೆ, ಇಡೀ ಮೈದಾನ. ಒಬ್ಬಳನ್ನು ದಾಟಿದಳು, ಇನ್ನೊಬ್ಬಳು ಜಾರಿ ಬಿದ್ದಳು. ಮೂರನೆಯವಳು ಉದ್ದ ಕೈಯವಳು, ಹಿಂದಿನಿಂದ ಬಂದು ಬೆನ್ನಿಗೆ ಕೈ ಹಾಕಿದಳು. ಬೆರಳು ಬಟ್ಟೆಯನ್ನು ಕೆರೆಯಿತು. ಹಿಡಿಯಲು ಏನೂ ಸಿಗಲಿಲ್ಲ, ಜೆರ್ಸಿ ಚರ್ಮಕ್ಕೇ ಅಂಟಿತ್ತು. ಗಂಡಸರ ಜೆರ್ಸಿ ತೊಟ್ಟಿದ್ದರೆ ಮುಷ್ಟಿ ತುಂಬ ಬಟ್ಟೆ ಸಿಗುತ್ತಿತ್ತು, ಅಲ್ಲೇ ಅವಳ ಆಟ ಮುಗಿಯುತ್ತಿತ್ತು. ನಾದಿನಿ ಗೆರೆ ದಾಟಿ ಚೆಂಡಿನ ಮೇಲೇ ಬಿದ್ದಳು. ಹದಿನೇಳು, ಹದಿನಾಲ್ಕು.

ನಾನು ಬಿದ್ದಲ್ಲೇ ಬಿದ್ದುಕೊಂಡು ಅತ್ತುಬಿಟ್ಟೆ. ನಾಚಿಕೆಯೇನಿಲ್ಲ ಹೇಳಿಕೊಳ್ಳಲು. ಆ ದೈತ್ಯೆಯೇ ನನ್ನನ್ನು ಎತ್ತಿ ನಿಲ್ಲಿಸಿದಳು.

ಮರುದಿನ ಒಂದು ದೊಡ್ಡ ತಂಡ ನಮ್ಮನ್ನು ಮೂವತ್ತೆಂಟು ಸೊನ್ನೆಯಿಂದ ಒಗೆದು ಹಾಕಿತು. ಅದೂ ಆಟವೇ. ಎಂಟನೆಯವರಾಗಿ ಊರಿಗೆ ಬಂದೆವು.

ಹದಿನೈದು ದಿನಕ್ಕೆ ಸಂಘದ ಕಾಗದ ನೆಲಮಾಳಿಗೆಗೇ ಬಂತು. ಟೀಚರ್‌ಗೆ, ನನಗೆ, ನಾದಿನಿಗೆ ಎರಡು ವರ್ಷ ಆಟದ ಕಡೆ ಸುಳಿಯಬಾರದೆಂದು ನಿಷೇಧ. ಕೆಳಗೆ ಇನ್ನೊಂದು ಸಾಲು. ‘ನನ್ನ ಅಜ್ಞಾನದಿಂದ ತಪ್ಪಾಗಿದೆ, ಕ್ಷಮಿಸಿ’ ಅಂತ ಅಚ್ಚು ಹಾಕಿದ ಹಾಳೆಗೆ ಸಹಿ ಮಾಡಿ ಕಳಿಸಿದರೆ ನಿಷೇಧ ರದ್ದು. ಗಟ್ಟಿಯಾಗಿ ಓದಿ ಹೇಳಿದೆ. ಎರಡು ವರ್ಷ ಅಂದರೆ ನನ್ನ ಆಟ ಪೂರ್ತಿ ಮುಗಿದ ಹಾಗೆಯೇ. ಮೆಷಿನ್‌ಗಳು ಗುಡುಗುಡು ತಿರುಗುತ್ತಿದ್ದವು. ಅತ್ತೆ ಹಾಸಿಗೆ ಬಟ್ಟೆ ಮಡಿಸುತ್ತ ಕೇಳಿಸಿಕೊಂಡರು.

“ಸೋತಿದ್ರೆ ಶಿಕ್ಷೆ ಕಮ್ಮಿ ಮಾಡ್ತಿದ್ರಾ?”

“ಇಲ್ಲ ಅತ್ತೆ. ಇಷ್ಟೇ ಇರ್ತಿತ್ತು.”

“ಹಾಗಾದ್ರೆ ಗೆದ್ದಿದ್ದೇ ಒಳ್ಳೇದಾಯ್ತು,” ಅಂದರು. “ಈಗ ಏನ್ ಮಾಡ್ತೀಯ? ನಿನ್ನಿಷ್ಟ. ನಾನು ಯಾವುದಕ್ಕೂ ಬೈಯಲ್ಲ.”

ಯಾವುದಕ್ಕೂ ಬೈಯಲ್ಲ ಅಂತ ಅತ್ತೆ ಅಂದದ್ದು ನಾನು ಸೊಸೆಯಾಗಿ ಬಂದ ಮೇಲೆ ಅದೇ ಮೊದಲು. ಪೆನ್ನು ತೆಗೆದುಕೊಂಡೆ. ಒದ್ದೆ ಕೈ ಒರೆಸಿಕೊಂಡೆ. ಅಚ್ಚು ಹಾಕಿದ ಸಾಲನ್ನು ಆ ತುದಿಯಿಂದ ಈ ತುದಿಗೆ ಹೊಡೆದು ಹಾಕಿದೆ. ಸಹಿಯ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ‘ಒಗೆದದ್ದು ನಾನು. ಸರಿಯಾಗಿಯೇ ಒಗೆದಿದ್ದೇನೆ.’

ನಾದಿನಿ ನನ್ನ ಭುಜದ ಮೇಲಿಂದ ಇಣುಕಿದಳು.

“ಅಷ್ಟೇನಾ? ಕೊಡಿ ಇಲ್ಲಿ,” ಅಂತ ಪೆನ್ನು ಕಿತ್ತುಕೊಂಡು ಅದರ ಕೆಳಗೇ ಬರೆದಳು: ‘ಓಡಿದ್ದು ನಾನು.’